ನಂಬರು ಬರೆದ ವಿಮಾನ

ಕೊಟ್ಟೂರಿನ ಗುರುಸಂಗಪ್ಪನ ಮನೆಯಲ್ಲಿ ಆ ವರ್ಷ ಮೇ ತಿಂಗಳ ಕೊನೆಗೆ ಎದ್ದ ಜಗಳ ಆಸ್ತಿಯದಲ್ಲ, ಅಡುಗೆಯದಲ್ಲ, ಅತ್ತೆ ಸೊಸೆಯರ ನಡುವೆ ಏಳಬಹುದಾದ ಮಾಮೂಲು ಯಾವುದೂ ಅಲ್ಲ. ಅಲ್ಮಾರದ ಮೇಲೆ ರಟ್ಟಿನ ಡಬ್ಬಿಯಲ್ಲಿ ಕೂತಿದ್ದ ಒಂದೂವರೆ ಗೇಣಿನ ಪ್ಲಾಸ್ಟಿಕ್ ವಿಮಾನ ಆ ಮನೆಯ ಐವರಲ್ಲಿ ನಾಲ್ವರ ಬಾಯಿಗೆ ರೊಟ್ಟಿ ರುಚಿಸದಂತೆ ಮಾಡಿತು. ಐದನೆಯವನು ಊರಲ್ಲಿರಲಿಲ್ಲ.

ಅವನೇ ಗುರುಶಾಂತ, ಗುರುಸಂಗಪ್ಪನ ಒಬ್ಬನೇ ಮಗ. ವಾಯುಪಡೆಯಲ್ಲಿ ಫಿಟ್ಟರ್. ಹಾರುವವನಲ್ಲ, ಹಾರುವ ಮೊದಲು ವಿಮಾನದ ನಟ್ಟು ಬೋಲ್ಟು ನೋಡಿ, ಸರಿ ಇದೆ ಎಂದು ಸಹಿ ಹಾಕುವವನು. ಫೆಬ್ರವರಿಯಲ್ಲಿ ರಜೆಗೆ ಬಂದಾಗ ದಿಲ್ಲಿಯ ಅಂಗಡಿಯೊಂದರಿಂದ ಆ ಡಬ್ಬಿ ತಂದಿದ್ದ. ತಾನು ದಿನಾ ಕೈಯಾಡಿಸುವ ಮಿಗ್ ಯುದ್ಧವಿಮಾನದ ಪುಟ್ಟ ಅಚ್ಚು ಅದು, ಎಲ್ಲ ಬಿಡಿ ಬಿಡಿ. ನಾವೇ ಕೂಡಿಸಿ, ಅಂಟಿಸಿ, ಬಣ್ಣ ಬಳಿಯಬೇಕು. ಹೊಟ್ಟೆಯ ಎರಡು ಹೋಳು ಸೇರಿಸಿ ಎಡಗಡೆಯ ರೆಕ್ಕೆ ಹಚ್ಚುವಷ್ಟರಲ್ಲಿ ರಜೆ ಮುಗಿಯಿತು. "ಯಾರೂ ಮುಟ್ಟಬ್ಯಾಡ್ರಿ, ದೀಪಾವಳಿಗೆ ಬಂದು ನಾನ ಮುಗಸ್ತೀನಿ" ಎಂದು ಹೆಂಡತಿ ಸುಮಲತಾಳ ಕೈಯಲ್ಲಿ ಡಬ್ಬಿ ಕೊಟ್ಟು ಹೋದ.

ಮೇ ತಿಂಗಳಲ್ಲಿ ಕಾರ್ಗಿಲ್ ಎಂಬ ಹೆಸರು ಟಿವಿಯಲ್ಲಿ ದಿನಾ ಬರತೊಡಗಿತು. ಎದುರು ಮನೆಯ ಹಾಲೇಶಪ್ಪನ ಎಸ್‌ಟಿಡಿ ಬೂತಿಗೆ ಭಾನುವಾರ ಬೆಳಗ್ಗೆ ಹತ್ತಕ್ಕೆ ಗುರುಶಾಂತನ ಫೋನು ಬರುವುದು, ಹಾಲೇಶಪ್ಪ ಬಾಗಿಲಿಗೆ ಬಂದು ಕೂಗುವುದು, ಮನೆಮಂದಿಯೆಲ್ಲ ರಸ್ತೆ ದಾಟಿ ಓಡುವುದು ರೂಢಿ. ಎರಡು ಭಾನುವಾರ ಫೋನು ಬರಲಿಲ್ಲ. ಎರಡನೆಯ ಸಲ ಮಧ್ಯಾಹ್ನದವರೆಗೆ ಬೂತಿನ ಬೆಂಚಿನ ಮೇಲೆ ಕೂತಿದ್ದು, ಹಾಲೇಶಪ್ಪ ತರಿಸಿದ ಚಹಾ ಕುಡಿಯದೆ ಎದ್ದು ಬಂದರು.

ಅವತ್ತು ಊಟಕ್ಕೆ ಕೂತಾಗ ಗುರುಶಾಂತನ ತಾಯಿ ಕೊಟ್ರಬಸಮ್ಮ ಗಂಡನಿಗೆ ಹೇಳಿದಳು. "ಉಜ್ಜಿನಿ ಮರುಳಸಿದ್ದಪ್ಪಗ ಹರಕಿ ಹೊತ್ತೀನಿ. ಆ ವಿಮಾನ ಒಪ್ಪಸ್ತೀನಿ ಅಂತ. ನೀವು ಅದನ್ನ ಪೂರಾ ಮಾಡ್ರಿ."

ಕೊಟ್ರಬಸಮ್ಮನ ತವರಿನಲ್ಲಿ ಇದು ನಡೆದುಬಂದ ಪದ್ಧತಿ. ಕಣ್ಣುಬೇನೆಗೆ ಬೆಳ್ಳಿಯ ಕಣ್ಣು, ಕೂಸಿಗೆ ಮರದ ತೊಟ್ಟಿಲು. ಅವಳ ಸೋದರಮಾವ ಲಾರಿ ಓಡಿಸುತ್ತಿದ್ದುದರಿಂದ ತಗಡಿನ ಲಾರಿ. ಹರಕೆ ಯಾರ ಮೇಲಿನದೋ ಅವರೇ ಬಂದು ತಮ್ಮ ಕೈಯಾರೆ ಒಪ್ಪಿಸಬೇಕು. ಅಂದರೆ ಮಗ ಬರಲೇಬೇಕು. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

"ಅವ ಬಂದು ಮುಗಸ್ತೀನಿ ಅಂದಾನಲ್ಲ," ಎಂದ ಗುರುಸಂಗಪ್ಪ.

"ಅವ ಬರಲಿ ಅಂತನ ಹರಕಿ."

ಸುಮಲತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮದುವೆಯಾಗಿ ಒಂದೂವರೆ ವರ್ಷವಾಗಿದ್ದರೂ ಅತ್ತೆಗೆ ಎದುರು ಮಾತಾಡಿದವಳಲ್ಲ. "ಬ್ಯಾಡ್ರಿ ಅತ್ತಿ," ಎಂದಳು.

"ಯಾಕ?"

"ನಾನ ಮುಗಸ್ತೀನಿ ಅಂತ ಹೇಳಿ ಹೋಗ್ಯಾರ. ನಾವ ಮುಗಿಸಿಬಿಟ್ರ, ಅವರು ಬರಾದಿಲ್ಲ ಅಂತ ನಾವ ಬರಕೊಟ್ಟಂಗ ಆಕ್ಕೈತಿ."

ಕೊಟ್ರಬಸಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಎಂಥ ಮಾತಾಡ್ತಿ? ಬಿಡ್ತು ಅನ್ನು."

"ಬಿಡ್ತು," ಎಂದಳು ಸುಮಲತಾ. "ಆದ್ರೂ ಬ್ಯಾಡ."

ಮೂಲೆಯಲ್ಲಿ ಹಾಲಲ್ಲಿ ರೊಟ್ಟಿ ಮುರಿದು ನೆನೆಹಾಕಿಕೊಂಡು ಕೂತಿದ್ದ ಗುರುಸಂಗಪ್ಪನ ತಾಯಿ ಬಸಲಿಂಗಮ್ಮನಿಗೆ ಎಂಬತ್ತು ದಾಟಿತ್ತು. ಹಲ್ಲು ಹೋದರೂ ಮಾತು ಗಟ್ಟಿ. "ಅರ್ಧ ಕಟ್ಟಿದ್ದನ್ನ ಮನ್ಯಾಗ ಇಟ್ಕಂಡು ಕುಂದ್ರಬಾರದು ಲೇ ಸಂಗಪ್ಪ. ಮುಗಸು," ಎಂದಳು.

ಹೆದರಿಕೆ ಅತ್ತೆ ಸೊಸೆ ಇಬ್ಬರಿಗೂ ಒಂದೇ. ಅದನ್ನು ಮುಗಿಸಿ ಮಗನನ್ನು ಕರೆಸಿಕೊಳ್ಳಬೇಕೆಂದು ಒಬ್ಬಳು, ಮುಗಿಸದೆ ಗಂಡನನ್ನು ಕರೆಸಿಕೊಳ್ಳಬೇಕೆಂದು ಇನ್ನೊಬ್ಬಳು. ನಡುವೆ ಸಿಕ್ಕಿಬಿದ್ದವನು ಗುರುಸಂಗಪ್ಪ. ಅವನು ಊಟ ಮುಗಿಸಿ, ಕೈ ತೊಳೆದು, ಸ್ಟೂಲು ಹಾಕಿಕೊಂಡು ಡಬ್ಬಿ ಇಳಿಸಿದ. ತಾಯಿ ಹೆಂಡತಿ ಇಬ್ಬರೂ ಒಂದಾದ ಮೇಲೆ ಆ ಮನೆಯಲ್ಲಿ ಅವನದೇನೂ ನಡೆಯುತ್ತಿರಲಿಲ್ಲ. ಸುಮಲತಾ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಆ ಸದ್ದು ಬೀದಿಗೂ ಕೇಳುತ್ತಿತ್ತು.

ಗುರುಸಂಗಪ್ಪನ ಕಸುಬು ಬೋರ್ಡು ಬರೆಯುವುದು. ಬಸ್‌ಸ್ಟ್ಯಾಂಡ್ ರಸ್ತೆಯ ಮನೆಯ ಕಟ್ಟೆಯೇ ಅಂಗಡಿ. ಕಿರಾಣಿ ಅಂಗಡಿಯ ಬೋರ್ಡು ಬರೆಯುತ್ತಿದ್ದನಾದರೂ ಅವನ ಹೆಸರು ಇದ್ದದ್ದು ನಂಬರು ಬರೆಯುವುದರಲ್ಲಿ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಿಂದಲೂ ಹೊಸ ಟ್ರ್ಯಾಕ್ಟರು, ಲಾರಿ ಅವನ ಬಾಗಿಲಿಗೆ ಬರುತ್ತಿದ್ದವು. ಸ್ಕೇಲು ಇಡದೆ, ಗೆರೆ ಹಾಕದೆ ಬರೆದರೂ ಒಂದಂಕಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗುತ್ತಿರಲಿಲ್ಲ. ಯಾರು ಎಷ್ಟೇ ಅವಸರ ಮಾಡಿದರೂ ನಂಬರಿಲ್ಲದ ಗಾಡಿಯನ್ನು ತನ್ನ ಕಟ್ಟೆಯಿಂದ ಕಳಿಸುತ್ತಿರಲಿಲ್ಲ. "ನಂಬರಿಲ್ಲದ ಗಾಡಿ ಬಿದ್ರ ಅಳಾಕ ಯಾರನ್ನ ಕರೀತಾರ?" ಎನ್ನುತ್ತಿದ್ದ.

ಮರುದಿನದಿಂದ ಕಟ್ಟೆಯ ಮೇಲೆ ಲಾರಿಯ ತಗಡುಗಳ ಪಕ್ಕದಲ್ಲಿ ವಿಮಾನವೂ ಬಂತು. ಹುಣಸೆ ಟೊಂಗೆಗೆ ಕಾಯಿ ಜೋತುಬಿದ್ದ ಹಾಗೆ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡಿದ್ದ ಚೂರುಗಳನ್ನು ಗುರುಸಂಗಪ್ಪ ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿದ. ಬಿಡಿಸಿದ ಕಡೆ ಉಳಿಯುವ ಚೂಪು ತುದಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡಿದ. ಬಲಗಡೆಯ ರೆಕ್ಕೆ ಹಚ್ಚಿ, ಅಂಟು ಒಣಗುವ ತನಕ ಕೊಟ್ರಬಸಮ್ಮನ ಸೀರೆಯ ಕ್ಲಿಪ್ಪು ಸಿಕ್ಕಿಸಿಟ್ಟ. ಬಾಲ ಕೂತಿತು. ಮೂಗು ಕೂತಿತು. ಮೂರು ಗಾಲಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ಸುಮಾ, ಗಾಲಿ ಕಾಣವಲ್ಲವು."

"ನನಗೇನು ಗೊತ್ರಿ ಮಾವಾರ." ಬ್ಲೌಸು ಹೊಲಿಯುತ್ತಿದ್ದ ಸುಮಲತಾ ಮಿಷನ್ನಿನಿಂದ ತಲೆ ಎತ್ತಲಿಲ್ಲ.

ಅಂಕಿಯ ಸೊಟ್ಟ ಕಂಡುಹಿಡಿಯುವ ಕಣ್ಣಿಗೆ ಸೊಸೆಯ ಸುಳ್ಳು ಕಾಣದೆ ಇರುತ್ತದೆಯೇ? ಗುರುಸಂಗಪ್ಪ ಡಬ್ಬಿ ಮುಚ್ಚಿಟ್ಟ. ನಿಜ ಹೇಳಬೇಕೆಂದರೆ ಅವನಿಗೂ ಒಳಗೊಳಗೆ ಅದೇ ಬೇಕಿತ್ತು. ಕೆಲಸ ಮುಗಿಯದಿರುವಷ್ಟು ದಿನ ಒಂದು ನೆವ ಇರುತ್ತದೆ.

ಕೊಟ್ರಬಸಮ್ಮ ಒಪ್ಪೊತ್ತು ಊಟ ಶುರುಮಾಡಿದಳು. ರಾತ್ರಿಯದು ಬಿಟ್ಟಳು, ಸೋಮವಾರ ಪೂರಾ ಬಿಟ್ಟಳು. ಅವಳ ಮುಖ ಇಳಿಯುತ್ತಿದ್ದುದನ್ನು ನೋಡಲಾಗದೆ ಗುರುಸಂಗಪ್ಪ ಒಂದು ದಿನ ರೇಗಿದ. "ಅವ ಹಾರಾದಿಲ್ಲ ಮಾರಾಯಿತಿ. ನೆಲದ ಮ್ಯಾಲೆ ನಿಂತು ರಿಪೇರಿ ಮಾಡ್ತಾನ. ಅವನಿಗೇನು ಆಕ್ಕೈತಿ?"

"ಗಾಡಿ ರಿಪೇರಿ ಮಾಡಿದವ ಒಂದು ಸುತ್ತು ಓಡಿಸಿ ನೋಡಾದಿಲ್ಲೇನು?" ಎಂದಳು ಕೊಟ್ರಬಸಮ್ಮ. "ನಮ್ಮ ಕಟ್ಟಿ ಮುಂದ ದಿನಾ ನೋಡ್ತೀನಿ. ಮೆಕ್ಯಾನಿಕ್ಕು ಹರಪನಹಳ್ಳಿ ಕ್ರಾಸ್ ತನಕ ಓಡಿಸಿಕೊಂಡು ಬಂದ ಮ್ಯಾಲೇ ಗಾಡಿ ಕೊಡಾದು."

"ಅದು ಲಾರಿ. ಇದು ವಿಮಾನ."

"ಲಾರಿಗೇ ಅಷ್ಟು ನೋಡಾರು, ವಿಮಾನಕ್ಕ ನೋಡದಂಗ ಬಿಡ್ತಾರಾ?"

ಕೆಟ್ಟದ್ದೆಂದರೆ, ಅವತ್ತಿನಿಂದ ಗುರುಸಂಗಪ್ಪನಿಗೂ ಅನುಮಾನ ಹತ್ತಿತು. ಮಗ ಹಾರುತ್ತಾನೆಂದು ಕೊಟ್ರಬಸಮ್ಮ ಬೀದಿಗೆಲ್ಲ ಹೇಳಿ ಬಹಳ ವರ್ಷವಾಗಿತ್ತು. ಆಗ ಅದು ಹೆಮ್ಮೆಯ ಮಾತು. ಈಗ ಅದೇ ಮಾತು ಅವಳನ್ನು ಬೆದರಿಸುತ್ತಿತ್ತು.

ಜೂನ್ ಎರಡನೆಯ ವಾರ, ಒಂದು ಸಂಜೆ ಏಳರ ವಾರ್ತೆಯಲ್ಲಿ ಹೇಳಿದರು: ದಾಳಿಗೆ ಹೋದ ವಿಮಾನವೊಂದು ಮರಳಿಲ್ಲ. ಮಿಗ್ ಎಂದರು. ಹೆಸರು ಹೇಳಲಿಲ್ಲ. ಸುಮಲತಾ ಸ್ಟೌವಿನ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತಲೇ ನಿಂತಳು. ಗುರುಸಂಗಪ್ಪ ಹಾಲೇಶಪ್ಪನ ಬೂತಿನಿಂದ ಮಗ ಕೊಟ್ಟಿದ್ದ ನಂಬರಿಗೆ ಇಪ್ಪತ್ತು ಸಲ ಫೋನು ಮಾಡಿದ. ಒಂದು ಸಲವೂ ಹತ್ತಲಿಲ್ಲ. "ಲೈನೇ ಇಲ್ರಿ ಅಣ್ಣಾರ, ಎಲ್ಲರದೂ ಹಂಗ ಐತಂತ," ಎಂದು ಹಾಲೇಶಪ್ಪ ಸಮಾಧಾನ ಹೇಳಿದ. ಹೇಳುವಾಗ ಅವನು ಇವನ ಮುಖ ನೋಡಲಿಲ್ಲ.

ಮರುದಿನ ಬೆಳಗ್ಗೆಯಿಂದ ಮಂದಿ ಬರತೊಡಗಿದರು. ಪಡಸಾಲೆಯಲ್ಲಿ ಗೋಡೆಗೆ ಒರಗಿ, ಸೆರಗು ಹೊದ್ದು, ನೆಲ ನೋಡುತ್ತ ಕೂತರು. ಯಾರೂ ಏನೂ ಕೇಳುವುದೂ ಇಲ್ಲ, ಎದ್ದು ಹೋಗುವುದೂ ಇಲ್ಲ. ಹನ್ನೊಂದರ ಹೊತ್ತಿಗೆ ಓಣಿಯ ಕೊನೆಯ ಮನೆಯ ಮಾಳಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ, ಪಾತ್ರೆಯಲ್ಲಿ ಬೇಳೆ, ಅನ್ನ. ಒಲೆ ಹಚ್ಚಬಾರದ ಮನೆಗೆ ನೆರೆಯವರು ತರುವ ಬುತ್ತಿ ಅದು. ಸಾವಿನ ಮನೆಗೆ ತರುವುದು.

ಪಾಪ, ಮಾಳಮ್ಮನದು ಒಳ್ಳೆಯ ಮನಸ್ಸು. ಊರೆಲ್ಲ ಹೇಳಿದ್ದನ್ನು ನಂಬಿ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದಿದ್ದಳು. ಅಂಥ ಒಳ್ಳೆಯ ಮನಸ್ಸಿನವರು ಮಾಡುವ ಗಾಯ ದೊಡ್ಡದು.

ಕೊಟ್ರಬಸಮ್ಮ ಬುಟ್ಟಿಯನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಅದನ್ನು ಹೊಸ್ತಿಲಾಚೆಯೇ ತಡೆದಳು. "ತಗಂಡು ಹೋಗವ್ವ ಮಾಳಮ್ಮ. ನಮ್ಮ ಒಲಿ ಹತ್ತೈತಿ," ಎಂದಳು. "ಹತ್ತೈತಿ, ಬೇಕಾದ್ರ ಒಳಗ ಬಂದು ನೋಡು."

ಒಲೆ ಹತ್ತಿರಲಿಲ್ಲ. ಸುಮಲತಾ ಅಡುಗೆಮನೆಗೆ ಓಡಿ, ಕಡ್ಡಿ ಗೀರಿ ಸ್ಟೌ ಹಚ್ಚಿ, ಖಾಲಿ ಹಂಚು ಇಟ್ಟಳು. ಅಲ್ಲಿಂದ ತನ್ನ ಕೋಣೆಗೆ ಹೋಗಿ ಟ್ರಂಕು ತೆರೆದು, ಬ್ಲೌಸುಪೀಸಿನ ಗಂಟೊಂದನ್ನು ತಂದು ಮಾವನ ಅಂಗೈಯಲ್ಲಿಟ್ಟಳು. ಗಂಟಿನಲ್ಲಿ ಮೂರು ಗಾಲಿ ಇದ್ದವು.

"ಮುಗಸ್ರಿ ಮಾವಾರ," ಎಂದಳು. "ನಾನ ಅಡ್ಡ ಬಂದಿದ್ದಕ್ಕ ಹಿಂಗಾತೇನೋ. ಲಗೂನ ಮುಗಸ್ರಿ."

ನಾಲ್ಕನೆಯ ದಿನ ಹಾಲೇಶಪ್ಪ ರಸ್ತೆಯ ನಡುವೆ ನಿಂತು ಕೂಗಿದ. ಲಾರಿಯೊಂದು ಅವನ ಹಿಂದೆಯೇ ಬ್ರೇಕು ಹಾಕಿ ನಿಂತಿತು. ರಿಸೀವರು ಮೊದಲು ಕೊಟ್ರಬಸಮ್ಮನ ಕೈಗೆ ಸಿಕ್ಕಿತು.

"ಯವ್ವ, ನಾ ಚಂದ ಅದೀನಿ," ಎಂದ ಗುರುಶಾಂತ.

"ಉಂಡಿ ಏನಪ?"

"ಹೂಂ."

"ದನಿ ಯಾಕ ಹಂಗೈತಿ?"

"ಥಂಡಿ. ಇಡ್ತೀನಿ, ಹಿಂದ ಮಂದಿ ಅದಾರ."

ಸುಮಲತಾಳಿಗೆ ಮಾತಾಡಲು ಸಿಗಲೇ ಇಲ್ಲ. ಆದರೂ ಅವಳು ನಕ್ಕಳು, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಕೊಟ್ರಬಸಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಮಾಳಮ್ಮನಿಗೆ ಎರಡು ಹಿಡಿ ಹೆಚ್ಚಿಗೆ ಕೊಟ್ಟಳು.

ಆ ಮೇಲಿನ ಎರಡು ವಾರ ಮನೆಯವರೆಲ್ಲ ವಿಮಾನದ ಸುತ್ತ ಕೂತರು. ಸುಮಲತಾ ಹೊಲಿಗೆಯ ಸೂಜಿಯಲ್ಲಿ ಅಂಟಿನ ಹನಿ ಎತ್ತಿ ಗಾಲಿ ಕೂಡಿಸಿದಳು. ಗುರುಸಂಗಪ್ಪ ಬಿಳಿಗೆ ಕರಿ ಬೆರೆಸಿ ಬೂದು ಮಾಡಿ, ಒಂದು ತೊಟ್ಟು ನೀಲಿ ಹಾಕಿ, ಮೂರು ಸಲ ತೆಳ್ಳಗೆ ಬಳಿದ. ರೆಕ್ಕೆಯ ಮೇಲಿನ ಕೇಸರಿ, ಬಿಳಿ, ಹಸಿರಿನ ಚಕ್ರಕ್ಕೆ ಪೆನ್ನಿನ ಮುಚ್ಚಳದ ಬಾಯಿಯನ್ನು ಬಣ್ಣದಲ್ಲಿ ಅದ್ದಿ ಒತ್ತಿದ.

ಡಬ್ಬಿಯ ತಳದಲ್ಲಿ ಕೊನೆಗೆ ಉಳಿದದ್ದು ಒಬ್ಬ ಪುಟ್ಟ ಪೈಲಟ್. ಹುಣಸೆಬೀಜಕ್ಕಿಂತ ಒಂಚೂರು ದೊಡ್ಡವನು. ಕೂತ ಭಂಗಿ, ತಲೆಗೆ ಹೆಲ್ಮೆಟ್, ಮೂಗು ಬಾಯಿಗೆ ಮುಚ್ಚಳ.

"ನಮ್ಮ ಹುಡುಗನ ಇವನು," ಎಂದಳು ಕೊಟ್ರಬಸಮ್ಮ. "ಮಕ ಕಾಣಂಗಿಲ್ಲಲ್ಲ. ದೇವರಿಗೆ ಹೆಂಗ ಗೊತ್ತಾಗಬೇಕು? ವಿಭೂತಿ ಬರೀರಿ."

"ಹೆಲ್ಮೆಟ್ಟಿನ ಮ್ಯಾಲಾ?"

"ಹಣಿ ಎಲ್ಲೈತೋ ಅಲ್ಲಿ."

ಗುರುಸಂಗಪ್ಪ ಕುಂಚದಲ್ಲಿ ಮೂರೇ ಕೂದಲು ಉಳಿಸಿಕೊಂಡು, ಉಸಿರು ಬಿಗಿಹಿಡಿದು, ಹೆಲ್ಮೆಟ್ಟಿನ ಮೇಲೆ ಮೂರು ಬಿಳಿ ಗೆರೆ ಎಳೆದ. ಬಸಲಿಂಗಮ್ಮ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಥೇಟ್ ಅವನ ಅದಾನ," ಎಂದಳು. ಅವನನ್ನು ಸೀಟಿನಲ್ಲಿ ಅಂಟಿಸಿ ಮೇಲೆ ಗಾಜಿನಂಥ ಮುಚ್ಚಳ ಕೂಡಿಸಿದರು.

ಇನ್ನು ನಂಬರು. ನಂಬರಿಲ್ಲದೆ ಅದು ಅವನ ಕಟ್ಟೆ ಇಳಿಯುವಂತಿರಲಿಲ್ಲ. ಮಾರ್ಚಿನಲ್ಲಿ ಗುರುಶಾಂತ ಕಳಿಸಿದ್ದ ಫೋಟೋ ಒಂದಿತ್ತು. ಯಾರಿಗೂ ತೋರಿಸಬೇಡಿ ಎಂದು ಹಿಂದೆ ಬರೆದಿದ್ದ. ಫೋಟೋದಲ್ಲಿ ಅವನು ಒಂದು ಕೈಯನ್ನು ವಿಮಾನದ ಮೇಲೆ ಇಟ್ಟು, ಎಮ್ಮೆ ಕೊಂಡವನ ಹಾಗೆ ಖುಷಿಯಿಂದ ನಿಂತಿದ್ದ. ಕೈಯ ಪಕ್ಕದಲ್ಲಿ ನಂಬರು. ಗುರುಸಂಗಪ್ಪ ಭೂತಗನ್ನಡಿ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದ, ಸುಮಲತಾ ಹಾಳೆಯಲ್ಲಿ ಬರೆದುಕೊಂಡಳು. ಆಮೇಲೆ ಅವನು ಅದನ್ನು ವಿಮಾನದ ಮೂಗಿನ ಪಕ್ಕ ಬರೆದ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದ ಬರೆದದ್ದಿಲ್ಲ ಎಂದು ಅವನಿಗೇ ಅನ್ನಿಸಿತು. ಬಿಳಿ ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಪಕ್ಕದಲ್ಲಿಟ್ಟರು.

ಜುಲೈ ಕೊನೆಗೆ ಯುದ್ಧ ಮುಗಿಯಿತೆಂದು ಟಿವಿಯಲ್ಲಿ ಹೇಳಿದರು. ಆಗಸ್ಟ್ ಮೊದಲ ವಾರ ಗುರುಶಾಂತ ಹದಿನೈದು ದಿನದ ರಜೆಯ ಮೇಲೆ ಬಂದ. ಬಸ್ಸಿನಿಂದ ಇಳಿದವನನ್ನು ಸುಮಲತಾ ಒಂದು ಗಳಿಗೆ ಗುರುತಿಸಲಿಲ್ಲ. ಕೆನ್ನೆ ಒಳಸೇರಿದ್ದವು.

ಕೊಟ್ರಬಸಮ್ಮ ಹೋಳಿಗೆ ಮಾಡಿದಳು. ಒಂದು ತಿಂದ. ಎರಡನೆಯದು ಹಾಕಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಅವಳು ತಾಳಲಾರದೆ ಊಟದ ನಡುವೆಯೇ ಎದ್ದು ಹೋಗಿ ವಿಮಾನ ತಂದಳು. "ಸೋಮವಾರ ಉಜ್ಜಿನಿಗೆ ಹೋಗಬೇಕು. ನೀನ ಒಪ್ಪಿಸಬೇಕು. ನೋಡು, ನಿಮ್ಮಪ್ಪ ಹೆಂಗ ಮಾಡ್ಯಾನ" ಎನ್ನುತ್ತ ಬಟ್ಟೆ ಬಿಚ್ಚಿದಳು.

ಗುರುಶಾಂತ ಮೊದಲು ನಗುತ್ತಲೇ ನೋಡಿದ. ಆಮೇಲೆ ಅವನ ಕಣ್ಣು ಮೂಗಿನ ಪಕ್ಕಕ್ಕೆ ಹೋಯಿತು. ಅಲ್ಲಿಂದ ಗಾಜಿನ ಮುಚ್ಚಳದೊಳಕ್ಕೆ. ತಟ್ಟೆ ಸರಿಸಿ ಎದ್ದು ಬಚ್ಚಲಿಗೆ ಹೋದ. ಅವನು ವಾಂತಿ ಮಾಡಿಕೊಳ್ಳುವುದು ಎಲ್ಲರಿಗೂ ಕೇಳಿಸಿತು.

ಮುಖ ತೊಳೆದು ಬಂದು, "ನಂಬರು ಯಾರು ಬರದ್ರು?" ಎಂದ.

"ನಾನ. ನಿನ್ನ ಫೋಟೋ ನೋಡಿ," ಎಂದ ಗುರುಸಂಗಪ್ಪ. "ಯಾಕ, ತಪ್ಪೈತಾ?"

"ಇಲ್ಲ. ಸರಿ ಐತಿ." ಅಷ್ಟು ಹೇಳಿ ಕೋಣೆಗೆ ಹೋಗಿ ಮಲಗಿದ.

ಆಮೇಲೆ ಮನೆಯಲ್ಲಿ ಶುರುವಾದದ್ದು ಬೇರೆಯೇ ಹೆದರಿಕೆ. ಉಜ್ಜಿನಿಗೆ ಬರುವುದಿಲ್ಲ ಎಂದ. ಕೊಟ್ರಬಸಮ್ಮ ಬೈದಳು, ಅತ್ತಳು, ಹರಕೆ ತಪ್ಪಿದರೆ ಏನಾಗುತ್ತದೆಂದು ಹೇಳಿದಳು. "ಆಗಲಿ," ಎಂದ. ಸೋಮವಾರ ಬಂದು ಹೋಯಿತು. ದಿನವೆಲ್ಲ ಅಪ್ಪನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಟ್ರ್ಯಾಕ್ಟರಿನವನೊಬ್ಬ, "ಈ ಪ್ಲೇಟಿನ ಬೋಲ್ಟು ಒಂದೀಟು ಬಿಗಿ ಮಾಡಪ," ಎಂದು ಸ್ಪ್ಯಾನರ್ ಕೊಟ್ಟ. ಗುರುಶಾಂತ ಬಿಗಿ ಮಾಡಿದ. ಸಡಿಲಿಸಿ ಮತ್ತೆ ಬಿಗಿ ಮಾಡಿದ. ಮತ್ತೆ ಸಡಿಲಿಸಿದ. ನಾಲ್ಕನೆಯ ಸಲಕ್ಕೆ ಅವನ ಅಂಗಿ ಬೆವರಿಂದ ತೊಯ್ದಿತ್ತು. ಗುರುಸಂಗಪ್ಪ ಕುಂಚ ಹಿಡಿದುಕೊಂಡೇ ನೋಡುತ್ತಿದ್ದ.

ರಜೆ ನಾಲ್ಕು ದಿನ ಉಳಿದಿರುವಾಗ ಸುಮಲತಾ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತಿ, ಅವರು ವಾಪಸ್ ಹೋಗಾದಿಲ್ಲ ಅಂತಾರ."

ಎರಡು ತಿಂಗಳು ಮಗ ಮನೆಗೆ ಬರಲೆಂದು ಉಪವಾಸ ಮಾಡಿದವಳು ಕೊಟ್ರಬಸಮ್ಮ. ಈ ಮಾತು ಕೇಳಿ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. "ಹೋಗಲಿಲ್ಲಂದ್ರ ಪೊಲೀಸ್ರು ಬಂದು ಹಿಡಕಂಡು ಹೋಗ್ತಾರಂತಲ್ಲ," ಎಂದಳು.

"ಹೋಗ್ಲಿ ಅಂತಾರ."

ಅವತ್ತು ಮಧ್ಯಾಹ್ನ ಐವರೂ ಊಟಕ್ಕೆ ಕೂತರು. ಪುಂಡಿಪಲ್ಯ, ರೊಟ್ಟಿ. ಯಾರೂ ಮುಟ್ಟಲಿಲ್ಲ. ಬಸಲಿಂಗಮ್ಮನೇ ಬಾಯಿ ತೆರೆದಳು. "ಏನಾತು ಅಂತ ಹೇಳು. ಹೇಳದಿದ್ರ ನಾನೂ ಉಣ್ಣಾದಿಲ್ಲ."

ಗುರುಶಾಂತ ರೊಟ್ಟಿಯ ಅಂಚು ಮುರಿಯುತ್ತ ಹೇಳಿದ. "ಆ ನಂಬರಿನ ವಿಮಾನ ಈಗಿಲ್ಲ ಅಜ್ಜಿ. ಜೂನ್ ತಿಂಗಳಾಗ ಹೋದದ್ದು ವಾಪಸ್ ಬರಲಿಲ್ಲ. ಬೆಳಿಗ್ಗಿ ಅದನ್ನ ನೋಡಿ ಸೈನ್ ಹಾಕಿದವ ನಾನು. ಅದನ್ನ ಹಾರಸಾ ಸಾಹೇಬ್ರಿಗೆ ಬೆಲ್ಟು ಕಟ್ಟಿದವ ನಾನು. ಏಣಿ ತಗದವನೂ ನಾನು."

"ವೈರಿ ಗುಂಡು ಬಿದ್ದಿರಬೇಕು," ಎಂದ ಗುರುಸಂಗಪ್ಪ.

"ಇರಬೇಕು. ಇಲ್ಲ, ಒಂದು ನಟ್ಟು ಸಡಿಲ ಇದ್ದಿರಬೇಕು. ವಿಚಾರಣಿ ನಡದೈತಿ. ಗುಡ್ಡದ ಮ್ಯಾಲೆ ಚೂರು ಚೂರಾಗಿ ಬಿದ್ದೈತಿ, ಯಾರಿಗೆ ಏನು ಗೊತ್ತಾಕ್ಕೈತಿ? ಎಲ್ಲಾ ಬಿಗಿ ಮಾಡಿದ್ದೆ ಅಂತ ನೆನಪೈತಿ. ದಿನಾ ಮಾಡ್ತೀವಲ್ಲ, ಆ ದಿನದ ನೆನಪೋ ಹಿಂದಿನ ದಿನದ್ದೋ ತಿಳಿಯವಲ್ದು." ಅವನು ತನ್ನ ಕೈ ನೋಡಿಕೊಂಡ. "ಸಾಹೇಬ್ರ ತಾಯಿ ಬಂದಿದ್ರು. ಹೋಗೂವಾಗ ಏನರ ಅಂದನಾ ಅಂತ ನನ್ನ ಕೇಳಿದ್ರು. ಏನೂ ಅಂದಿರಲಿಲ್ಲ. ಹೆಬ್ಬಟ್ಟು ತೋರಿಸಿ ನಕ್ಕಿದ್ರು, ಅಷ್ಟ. ಅದನ್ನ ಹೇಳಿದೆ. ಅವರು ನನ್ನ ಕೈ ಹಿಡಕಂಡು ಭಾಳ ಹೊತ್ತು ಬಿಡಲಿಲ್ಲ."

"ವಿಮಾನ ಯಾವಾಗ ಹೋದದ್ದು?" ಎಂದಳು ಕೊಟ್ರಬಸಮ್ಮ, ಗೊತ್ತಿದ್ದೂ.

"ನಾ ಫೋನ್ ಮಾಡಿದ್ನಲ್ಲ, ಅದಕ್ಕ ನಾಲ್ಕು ದಿನ ಮದಲ."

"ನಾ ಬೀದಿಗೆಲ್ಲ ಸಕ್ರಿ ಹಂಚಿದೆ," ಎಂದಳು ಕೊಟ್ರಬಸಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸುಮಲತಾ ಗಂಡನ ಕಡೆ ತಿರುಗಿ ಕೇಳಿದಳು. "ನೀವು ಹೋಗಲಿಲ್ಲಂದ್ರ ನಿಮ್ಮ ಬದಲಿ ಸೈನ್ ಯಾರು ಹಾಕ್ತಾರ?"

"ಯಾರೋ ಹೊಸಬ."

"ಅವನಿಗೆ ನಿಮ್ಮಷ್ಟು ಹೆದರಿಕಿ ಇರ್ತೈತಾ?"

ಗುರುಶಾಂತನ ನೋಟ ಜಗಲಿಯ ಪಕ್ಕದ ಬಿಳಿ ಬಟ್ಟೆಯ ಕಡೆಗಿತ್ತು. "ಯಪ್ಪ," ಎಂದ, ಚಿಕ್ಕ ಹುಡುಗನ ದನಿಯಲ್ಲಿ. "ಮದಲ ಅವರನ್ನ ಇಳಸ್ರಿ."

ಗುರುಸಂಗಪ್ಪನಿಗೆ ಅರ್ಥವಾಯಿತು. ಊಟ ಬಿಟ್ಟು ಎದ್ದು ಬ್ಲೇಡನ್ನು ಸ್ಟೌವಿನ ಉರಿಯಲ್ಲಿ ಕಾಯಿಸಿದ. ಗಾಜಿನ ಮುಚ್ಚಳ ಒಡೆಯದಂತೆ ಅಂಚಿನ ಸುತ್ತ ಸವರುತ್ತ ಬಂದ. ಸುಮಲತಾ ವಿಮಾನವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಳು. ಮುಚ್ಚಳ ಬಿಟ್ಟುಕೊಂಡಿತು. ಸೂಜಿಯ ಮೊನೆಯಲ್ಲಿ ಮೀಟಿ, ಪೈಲಟ್ಟನ್ನು ಎತ್ತಿ ಮಗನ ಅಂಗೈಯಲ್ಲಿಟ್ಟ.

"ನಂಬರೂ ಅಳಸಲಾ?"

"ಬ್ಯಾಡ. ಅದು ಅದರದ ನಂಬರು."

ಕೊಟ್ರಬಸಮ್ಮ ಮಗನ ಅಂಗೈಯಿಂದ ಆ ಹುಣಸೆಬೀಜದಷ್ಟು ಮನುಷ್ಯನನ್ನು ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೇಲಿಟ್ಟಳು. ಬೀಳದಂತೆ ಹಿಂದೆ ವಿಭೂತಿ ಗಟ್ಟಿಯ ಆಸರೆ ಕೊಟ್ಟಳು. ಅವತ್ತು ಎಲ್ಲರೂ ಸ್ವಲ್ಪ ಸ್ವಲ್ಪ ಉಂಡರು.

ಮುಂದಿನ ಸೋಮವಾರ ಗುರುಶಾಂತ ತಾನಾಗಿಯೇ ಸ್ನಾನ ಮಾಡಿ ಬಂದು ನಿಂತ. ಉಜ್ಜಿನಿಯ ಬಸ್ಸಿನಲ್ಲಿ ವಿಮಾನ ಅವನ ತೊಡೆಯ ಮೇಲಿತ್ತು. ಕೂಡ್ಲಿಗಿಯ ಕಡೆಯ ಹೆಂಗಸೊಬ್ಬಳು, "ಎಷ್ಟು ಚಂದ ಐತಿ, ಮಗಂಗ ತಗಂಡಿರೇನ್ರಿ?" ಎಂದು ಕೇಳಿದಳು. ಅವನು ಇಲ್ಲ ಎಂದು ತಲೆ ಆಡಿಸಿದ. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಗೆ ಮೆಲ್ಲಗೆ, "ನಾಳಿ ಹೊರಡ್ತೀನಿ. ಹೆದರಿಕಿ ಹೋಗಿಲ್ಲ," ಎಂದ. ಅವಳು ಅವನ ಕೈ ಮುಚ್ಚಿಹಿಡಿದಳು. ಅವಳ ಹೆದರಿಕೆಯೂ ಹೋಗಿರಲಿಲ್ಲ.

ಗುಡಿಯಲ್ಲಿ ಗದ್ದಲವಿರಲಿಲ್ಲ. ಗುರುಶಾಂತ ಎರಡೂ ಕೈಯಿಂದ ವಿಮಾನ ಒಪ್ಪಿಸಿದ. ಪೂಜೆಯ ಅಯ್ಯನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ತೆರೆದ ಸೀಟಿನ ಗುಂಡಿಯಲ್ಲಿ ಬೆರಳಿಟ್ಟು ಕೊಟ್ರಬಸಮ್ಮನನ್ನು ಕೇಳಿದರು. "ಎಲ್ಲಾ ಮಾಡೀರಿ, ಓಡಸಾ ಮನುಷ್ಯಾನ ಇಲ್ಲಲ್ಲವ್ವ?"

ಗುರುಶಾಂತ ತಾಯಿಯ ಕಡೆ ನೋಡಿದ.

"ಇಳದಾನ್ರಿ ಅಯ್ಯಾರ," ಎಂದಳು ಕೊಟ್ರಬಸಮ್ಮ. "ನಮ್ಮ ಮನ್ಯಾಗ ಅದಾನ. ಅವರವ್ವ ಬಂದು ಕೇಳಿದ್ರ ಕೊಡ್ತೀನಿ."